ಹಳೆಯ ರೈಲು ಸಾಮಗ್ರಿ: ಬಣ್ಣಕ್ಕೆ ಮೊದಲು ಆಗಬೇಕಾದ ಕೆಲಸ

ಪ್ರಶ್ನೆ: ನಮ್ಮದು ಚಿತ್ರದುರ್ಗ ಜಿಲ್ಲೆ, ಹೊಳಲ್ಕೆರೆ ತಾಲ್ಲೂಕು. ಊರಿನ ಹಳೆಯ ಗೂಡ್ಸ್ ಶೆಡ್ಡನ್ನು ಪಾರಂಪರಿಕ ತಾಣವಾಗಿ ಉಳಿಸಿಕೊಳ್ಳಬೇಕೆಂದು ಸಮಿತಿಯೊಂದನ್ನು ಮಾಡಿಕೊಂಡಿದ್ದೇವೆ. ಮೀಟರ್ ಗೇಜ್ ಕಾಲದ ನಾಲ್ಕು ಚಕ್ರದ ಮುಚ್ಚಿದ ವ್ಯಾಗನ್, ಕಂಬದ ಸಮೇತ ಒಂದು ಕೈಮರದ ಸಿಗ್ನಲ್, ಒಂಟಿ ಹಳಿಯಲ್ಲಿ ಗಾಡಿ ಬಿಡಲು ಅನುಮತಿಯ ಗೋಲ ಕೊಡುತ್ತಿದ್ದ ಬಾಲ್ ಟೋಕನ್ ಯಂತ್ರಗಳ ಒಂದು ಜೋಡಿ ಮತ್ತು ಲಗೇಜು ತೂಗುವ ತಕ್ಕಡಿ ನಮ್ಮ ಬಳಿ ಇವೆ. ಎಲ್ಲಕ್ಕೂ ತುಕ್ಕು ಹಿಡಿದಿದೆ. ಮರಳು ಊದಿಸಿ ತುಕ್ಕು ತೆಗೆದು, ಎನಾಮಲ್ ಬಣ್ಣ ಹೊಡೆದು, ರಾಜ್ಯೋತ್ಸವದ ಹೊತ್ತಿಗೆ ಹೊಸದರಂತೆ ಮಾಡಿಕೊಡುತ್ತೇನೆಂದು ಗುತ್ತಿಗೆದಾರರೊಬ್ಬರು ಮುಂದೆ ಬಂದಿದ್ದಾರೆ. ಸಮಿತಿಯ ಹಿರಿಯರು ಮಾತ್ರ ಯಾವುದನ್ನೂ ಮುಟ್ಟಬೇಡಿ, ಇದ್ದ ಹಾಗೇ ಇರಲಿ ಎನ್ನುತ್ತಾರೆ. ಯಾರ ಮಾತು ಸರಿ? ಬಣ್ಣ ಹೊಡೆಯುವುದಾದರೆ ಯಾವ ಬಣ್ಣ? ಸಿಗ್ನಲ್ಲು ಮತ್ತು ಟೋಕನ್ ಯಂತ್ರಗಳನ್ನು ಮತ್ತೆ ಕೆಲಸ ಮಾಡುವಂತೆ ಮಾಡಿ ಮಕ್ಕಳ ಕೈಗೆ ಕೊಡಬಹುದೇ?

ಉತ್ತರ: ಮೊದಲು ಗುತ್ತಿಗೆಯ ವಿಷಯ. ಈಗಲೇ ಅದಕ್ಕೆ ಸಹಿ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮರಳು ಊದಿಸಿದರೆ ಒಂದೇ ದಿನದಲ್ಲಿ ಹೋಗಿಬಿಡುವುದು ತುಕ್ಕು ಮಾತ್ರವಲ್ಲ. ಆ ವ್ಯಾಗನ್ನಿನ ಮೈಮೇಲೆ ದಶಕಗಳ ಕಾಲ ಸೇರಿಕೊಂಡು ಬಂದ ಅಕ್ಷರ, ಅಂಕಿ, ಬಣ್ಣದ ಪದರ, ದುರಸ್ತಿಯ ಗುರುತು ಎಲ್ಲವೂ ಹೋಗುತ್ತವೆ, ಮತ್ತು ಹೋದದ್ದನ್ನು ಯಾವ ಹಣದಿಂದಲೂ ಮರಳಿ ತರಲಾಗದು. ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಮುಟ್ಟಬೇಡಿ ಎನ್ನುವುದು ಒಳ್ಳೆಯ ಎಚ್ಚರಿಕೆಯೇ ಹೌದು, ಆದರೆ ಬಯಲಿನಲ್ಲಿ ನಿಂತ ಕಬ್ಬಿಣ ಇದ್ದ ಹಾಗೇ ಇರುವುದಿಲ್ಲ. ಮುಟ್ಟದೆ ಬಿಟ್ಟರೂ ಅದು ಪ್ರತಿ ಮಳೆಗಾಲಕ್ಕೆ ಒಂದಿಷ್ಟು ಕರಗುತ್ತಲೇ ಹೋಗುತ್ತದೆ. ಆದ್ದರಿಂದ ನಿಮ್ಮ ಕೆಲಸದ ಕ್ರಮ ಹೀಗಿರಲಿ: ಮೊದಲು ದಾಖಲಿಸುವುದು, ಆಮೇಲೆ ಹಾಳಾಗುವುದನ್ನು ನಿಲ್ಲಿಸುವುದು, ಎಲ್ಲಕ್ಕಿಂತ ಕೊನೆಗೆ, ಅಗತ್ಯವಿದ್ದಷ್ಟೇ, ಹೊಸದಾಗಿ ಸೇರಿಸುವುದು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯ ಕಲ್ಲುಗಳನ್ನು ಉಜ್ಜಿ ಹೊಳಪು ಕೊಟ್ಟು ಹೊಸದು ಮಾಡೋಣವೆಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಕಬ್ಬಿಣ ಮತ್ತು ಮರದ ವಸ್ತುಗಳ ವಿಷಯದಲ್ಲೂ ಅದೇ ವಿವೇಕ ನಮಗಿರಬೇಕು. ಸ್ಮಾರಕಗಳ ಸಂರಕ್ಷಣೆಗೆ 1964ರ ವೆನಿಸ್ ಸನ್ನದು, ಕೈಗಾರಿಕಾ ಪರಂಪರೆಗೆ 2003ರ ನಿಜ್ನಿ ತಗೀಲ್ ಸನ್ನದು, ರೈಲ್ವೆ ಪರಂಪರೆಗೆಂದೇ ಬಂದ 2005ರ ರಿಗಾ ಸನ್ನದು, ಇವು ಬೇರೆ ಬೇರೆ ಮಾತುಗಳಲ್ಲಿ ಒತ್ತಿ ಹೇಳುವುದೂ ಮೂಲ ವಸ್ತುವನ್ನು ಆದಷ್ಟು ಉಳಿಸಿಕೊಳ್ಳಿ, ಮಾಡಿದ್ದನ್ನೆಲ್ಲ ಬರೆದಿಡಿ ಎಂಬುದನ್ನೇ.

ನಿಮ್ಮ ಬಳಿ ಇರುವುದು ಏನು ಎಂಬುದನ್ನು ಸ್ವಲ್ಪ ವಿವರಿಸಿ ಮುಂದೆ ಹೋಗುತ್ತೇನೆ, ಏಕೆಂದರೆ ಅದರ ಬೆಲೆ ತಿಳಿದರೆ ಮಾತ್ರ ನಿಧಾನವಾಗಿ ಕೆಲಸ ಮಾಡುವ ತಾಳ್ಮೆ ಬರುತ್ತದೆ. ಮೈಸೂರು ಸಂಸ್ಥಾನದ ರೈಲುಮಾರ್ಗ 1884ರಲ್ಲಿ ಬೆಂಗಳೂರಿನಿಂದ ಗುಬ್ಬಿಗೆ ಬಂತು, 1889ರಲ್ಲಿ ಹರಿಹರ ಮುಟ್ಟಿತು. ಒಂದು ಮೀಟರ್ ಅಗಲದ ಆ ಹಳಿಯೇ ಹೊಸದುರ್ಗ ರೋಡ್, ರಾಮಗಿರಿ, ಚಿಕ್ಕಜಾಜೂರು, ಕೊಡಗನೂರುಗಳನ್ನು ದಾಟಿ ದಾವಣಗೆರೆಗೆ ಹೋಗುತ್ತಿತ್ತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲು ಮಾರ್ಗ ಒಡೆಯಿತು. ದಾವಣಗೆರೆಯ ಗಿರಣಿಗಳ ಹತ್ತಿ, ಈ ಬಯಲುಸೀಮೆಯ ಶೇಂಗಾ, ಕಾಳುಕಡಿ, ಗೊಬ್ಬರ ಇವೆಲ್ಲ ಲಾರಿಯ ಕಾಲಕ್ಕೆ ಮುಂಚೆ ಹೆಚ್ಚಾಗಿ ಹೋಗುತ್ತಿದ್ದುದು ನಿಮ್ಮ ಬಯಲಿನಲ್ಲಿ ನಿಂತಿರುವಂಥ ವ್ಯಾಗನ್ನುಗಳಲ್ಲಿ. 1951ರಲ್ಲಿ ಈ ಮಾರ್ಗಗಳು ದಕ್ಷಿಣ ರೈಲ್ವೆಗೆ ಸೇರಿದವು. 1990ರ ದಶಕದಲ್ಲಿ ಮುಖ್ಯ ಮಾರ್ಗ 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈರುತ್ಯ ರೈಲ್ವೆ ಬಂತು. ಗೇಜು ಬದಲಾದ ಆ ವರ್ಷಗಳಲ್ಲಿ ಮೀಟರ್ ಗೇಜಿನ ಸಾಮಗ್ರಿಯಲ್ಲಿ ಬಹುಪಾಲು ಗುಜರಿಗೆ ಹೋಯಿತು. ಎಂಜಿನ್ನುಗಳನ್ನೂ ರಾಜರ ಸಲೂನು ಬೋಗಿಗಳನ್ನೂ ಉಳಿಸಲು ಜನ ಮುಂದೆ ಬಂದರು, ಮೈಸೂರಿನಲ್ಲಿ 1979ರಿಂದಲೇ ರೈಲು ವಸ್ತುಸಂಗ್ರಹಾಲಯವಿದೆ. ಆದರೆ ಸಾಮಾನು ಸಾಗಿಸಿದ ಸಾಧಾರಣ ವ್ಯಾಗನ್ನಿನ ಬಗ್ಗೆ, ತಕ್ಕಡಿಯ ಬಗ್ಗೆ ಯಾರಿಗೂ ಅಷ್ಟು ಮಮತೆ ಇರಲಿಲ್ಲ. ನಿಮ್ಮ ಸಮಿತಿ ಉಳಿಸಿಕೊಂಡಿರುವುದು ಅಂಥ ಸಾಧಾರಣ ವಸ್ತುಗಳನ್ನು. ನನ್ನ ಕಣ್ಣಿಗೆ ಅವುಗಳ ಬೆಲೆ ಇರುವುದೂ ಅಲ್ಲಿಯೇ.

ಇನ್ನು ದಾಖಲೆಯ ಕೆಲಸ. ಒಂದು ದಪ್ಪ ರಟ್ಟಿನ ಪುಸ್ತಕ, ಒಂದು ಟೇಪು, ಒಂದು ಮೊಬೈಲ್ ಕ್ಯಾಮೆರಾ, ಒಂದು ಪ್ರಖರವಾದ ಟಾರ್ಚು ಇದ್ದರೆ ಇದಕ್ಕೆ ಸಾಕು. ವ್ಯಾಗನ್ನಿನ ನಾಲ್ಕೂ ಬದಿಗಳನ್ನು, ತಳವನ್ನು, ಒಳಗನ್ನು ಹಗಲಿನಲ್ಲಿ ಕ್ರಮವಾಗಿ ಚಿತ್ರ ತೆಗೆದುಕೊಳ್ಳಿ. ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಕಾಣುವಂತಿರಲಿ. ಆಮೇಲೆ ಕತ್ತಲಾದ ಮೇಲೆ ಮತ್ತೆ ಹೋಗಿ. ಟಾರ್ಚನ್ನು ತಗಡಿಗೆ ನೇರವಾಗಿ ಹಿಡಿಯದೆ, ಅದರ ಮೈಗೆ ತಾಗಿದಂತೆ ಪಕ್ಕದಿಂದ ಓರೆಯಾಗಿ ಹಿಡಿದು ನಿಧಾನವಾಗಿ ಸರಿಸಿ. ಹಗಲಿನಲ್ಲಿ ಬರೀ ಕಂದು ತಗಡಾಗಿ ಕಂಡ ಜಾಗದಲ್ಲಿ, ಮೇಲಿನ ಬಣ್ಣದ ಅಡಿಯಿಂದ ಹಳೆಯ ಅಕ್ಷರಗಳ ಅಂಚು ಕೂದಲೆಳೆಯಷ್ಟು ಉಬ್ಬಿ, ಅದರ ನೆರಳು ಬಿದ್ದು, ಒಂದೊಂದೇ ಅಂಕಿ ಓದಲು ಸಿಗುತ್ತದೆ. ವ್ಯಾಗನ್ನಿನ ನಂಬರು, ಖಾಲಿ ತೂಕ, ಹೊರಬಹುದಾದ ಭಾರ, ವರ್ಕ್‌ಷಾಪಿನಲ್ಲಿ ಕೊನೆಯ ಪೂರ್ಣ ದುರಸ್ತಿಯಾದ ತಿಂಗಳು ಮತ್ತು ವರ್ಷ, ಮುಂದಿನ ದುರಸ್ತಿಗೆ ಮರಳಬೇಕಾದ ದಿನಾಂಕ, ಇವೆಲ್ಲ ಅಚ್ಚಿನ ತಗಡಿಟ್ಟು ಬರೆದಿರುತ್ತಿದ್ದ ವಿವರಗಳು. ಪ್ರತಿ ದುರಸ್ತಿಗೂ ಹಳೆಯದರ ಮೇಲೆ ಹೊಸದನ್ನು ಬರೆಯುತ್ತಿದ್ದುದರಿಂದ ಒಂದರಡಿ ಒಂದು ಎರಡು ಮೂರು ದಿನಾಂಕಗಳು ಸಿಕ್ಕರೂ ಸಿಗಬಹುದು. ಅಂಥದ್ದು ಸಿಕ್ಕಿದರೆ ಟ್ರೇಸಿಂಗ್ ಹಾಳೆ ಇಟ್ಟು ಅಕ್ಷರದ ಆಕಾರವನ್ನು ಅಳತೆ ಸಮೇತ ಎತ್ತಿಕೊಳ್ಳಿ. ಮುಂದೆ ಅಕ್ಷರ ಬರೆಸುವಾಗ ಕಂಪ್ಯೂಟರಿನ ಯಾವುದೋ ಅಕ್ಷರಶೈಲಿಯ ಬದಲು ಇದನ್ನೇ ಬಳಸಬಹುದು. ಬೀಡು ಕಬ್ಬಿಣದ ಆಕ್ಸಲ್ ಬಾಕ್ಸಿನ (ಚಕ್ರದ ಅಚ್ಚಿನ ತುದಿ ಕೂರುವ ಪೆಟ್ಟಿಗೆಯ) ಮುಚ್ಚಳ, ಸ್ಪ್ರಿಂಗ್ ಪಟ್ಟಿ, ಚಕ್ರದ ಅಂಚು, ಹಳಿಯ ತುಂಡಿನ ಹೊಟ್ಟೆ, ಇವುಗಳ ಮೇಲೂ ತಯಾರಕರ ಹೆಸರು ಮತ್ತು ವರ್ಷ ಉಬ್ಬಕ್ಷರದಲ್ಲೋ ಗುದ್ದಿದ ಗುರುತಿನಲ್ಲೋ ಇರುವುದುಂಟು. ಒಂದು ಬೋಲ್ಟನ್ನು ಬಿಚ್ಚುವ ಮೊದಲೂ ಚಿತ್ರ, ಬಿಚ್ಚಿದ ಮೇಲೂ ಚಿತ್ರ. ಬಿಚ್ಚಿದ ಪ್ರತಿ ಭಾಗಕ್ಕೆ ನಂಬರಿನ ತಗಡು. ಅದೇ ನಂಬರು ಪುಸ್ತಕದಲ್ಲಿ. ಈ ಒಂದು ಶಿಸ್ತನ್ನು ನೀವು ಪಾಲಿಸಿದರೆ ಉಳಿದ ತಪ್ಪುಗಳನ್ನು ಮುಂದೆ ಯಾರಾದರೂ ತಿದ್ದಬಹುದು.

ದಾಖಲೆಯೆಂದರೆ ವಸ್ತುವಿನದಷ್ಟೇ ಅಲ್ಲ. ಚಿಕ್ಕಜಾಜೂರಿನಂಥ ಜಂಕ್ಷನ್ನಿನ ಸುತ್ತಮುತ್ತ ಮೀಟರ್ ಗೇಜ್ ಕಾಲದಲ್ಲಿ ದುಡಿದ ಗ್ಯಾಂಗ್‌ಮನ್ನರು, ಪಾಯಿಂಟ್ಸ್‌ಮನ್ನರು, ಸ್ಟೇಷನ್ ಮಾಸ್ತರರು, ಸಿಗ್ನಲ್ ರಿಪೇರಿಯವರು ಇನ್ನೂ ಇದ್ದಾರೆ, ಆದರೆ ಎಲ್ಲರಿಗೂ ವಯಸ್ಸಾಗಿದೆ. ವ್ಯಾಗನ್ನು ಇನ್ನೈದು ವರ್ಷ ಕಾಯಬಲ್ಲದು, ಅವರ ನೆನಪು ಕಾಯಲಾರದು. ಅವರನ್ನು ಗೂಡ್ಸ್ ಶೆಡ್ಡಿಗೆ ಕರೆತಂದು, ವಸ್ತುವನ್ನು ಮುಟ್ಟಿ ತೋರಿಸುತ್ತಾ ಮಾತಾಡುವಂತೆ ಕೇಳಿ, ವೀಡಿಯೊ ಮಾಡಿಕೊಳ್ಳಿ. ಯಾವ ಭಾಗಕ್ಕೆ ಅವರು ಯಾವ ಹೆಸರು ಹೇಳುತ್ತಿದ್ದರೋ ಅದನ್ನು ಹಾಗೆಯೇ ಬರೆದುಕೊಳ್ಳಿ.

ತುಕ್ಕಿನ ವಿಷಯಕ್ಕೆ ಬರೋಣ. ನಿಮ್ಮ ಜಿಲ್ಲೆ ಕರಾವಳಿಯ ಹಾಗಲ್ಲ. ಮಳೆ ಕಡಿಮೆ, ಗಾಳಿ ಒಣಗಿದ್ದು, ಉಪ್ಪಿನ ಅಂಶವಿಲ್ಲ. ಮಂಗಳೂರಿನಲ್ಲಿ ಹತ್ತು ವರ್ಷಕ್ಕೆ ತೂತಾಗುವ ತಗಡು ನಿಮ್ಮಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬರುತ್ತದೆ. ಆದ್ದರಿಂದ ಎಲ್ಲ ತುಕ್ಕಿಗೂ ಹೆದರಬೇಕಾಗಿಲ್ಲ. ತೆಳ್ಳಗೆ, ಗಟ್ಟಿಯಾಗಿ, ಕಡುಕಂದು ಬಣ್ಣದಲ್ಲಿ ಅಂಟಿಕೊಂಡಿರುವ ತುಕ್ಕು ಬಹುಮಟ್ಟಿಗೆ ನಿಂತ ತುಕ್ಕು. ಪದರು ಪದರಾಗಿ ಎದ್ದು, ಉಗುರಿನಲ್ಲಿ ಕೆರೆದರೆ ಕಿತ್ತಳೆ ಬಣ್ಣದ ಪುಡಿ ಉದುರಿದರೆ ಅದು ಇನ್ನೂ ತಿನ್ನುತ್ತಿರುವ ತುಕ್ಕು. ಇಂಥದ್ದು ಎಲ್ಲಿದೆ ಎಂದು ನೋಡಿ. ಅಲ್ಲಿ ನೀರು ನಿಲ್ಲುತ್ತಿದೆ ಎಂದೇ ಅರ್ಥ. ವ್ಯಾಗನ್ನಿನಲ್ಲಿ ಸಾಮಾನ್ಯವಾಗಿ ಅದು ಬದಿಯ ತಗಡು ತಳದ ಚೌಕಟ್ಟಿಗೆ ಸೇರುವ ಸಂದಿಯಲ್ಲಿ, ಮರದ ಹಲಗೆ ಉಕ್ಕಿನ ಪಟ್ಟಿಯ ಮೇಲೆ ಕೂರುವ ಜಾಗದಲ್ಲಿ, ಬಾಗಿಲಿನ ಕೆಳಗಾಲುವೆಯಲ್ಲಿ ಇರುತ್ತದೆ. ದೂಳು ತುಂಬಿದ ಕಾಲುವೆ ಒಂದು ಮಳೆಯ ನೀರನ್ನು ವಾರಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಆ ದೂಳನ್ನು ಕೆರೆದು ತೆಗೆದು, ಮೂಲದಲ್ಲಿದ್ದ ನೀರಿಳಿಯುವ ತೂತುಗಳನ್ನು ತೆರೆದರೆ ಹಾಳಾಗುವುದು ಬಹುಪಾಲು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೆ ಖರ್ಚೂ ಇಲ್ಲ. ಚಳಿಗಾಲದ ಇನ್ನೊಂದು ಸಂಗತಿಯನ್ನೂ ನೆನಪಿಡಿ: ಹಗಲು ಬಿಸಿ, ರಾತ್ರಿ ಚಳಿ ಇರುವ ನಿಮ್ಮ ಹವೆಯಲ್ಲಿ ಬಾಗಿಲು ಬಿಗಿಯಾಗಿ ಮುಚ್ಚಿದ ವ್ಯಾಗನ್ನಿನ ಒಳಮೈ ಬೆಳಗಿನ ಜಾವ ಬೆವರುತ್ತದೆ. ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಟ್ಟು, ಸಂದಿಗೆ ಜಾಲರಿ ಹಾಕಿ ಗಾಳಿಯಾಡಲು ಬಿಡಿ.

ತಿನ್ನುವ ತುಕ್ಕನ್ನು ಕೈಯಿಂದಲೇ ತೆಗೆಯುವುದು ಮೇಲು. ತಂತಿ ಬ್ರಷ್ಷು, ಚಪ್ಪಟೆ ಕೆರೆಗತ್ತಿ, ನಯವಾದ ಉಕ್ಕಿನ ನಾರು ಸಾಕು. ಸಡಿಲವಾದುದೆಲ್ಲ ಹೋಗಿ ಗಟ್ಟಿಯಾದದ್ದು ಮಾತ್ರ ಉಳಿದ ಮೇಲೆ ಟ್ಯಾನಿಕ್ ಆಮ್ಲದ ತೆಳು ದ್ರಾವಣ ಸವರಿದರೆ ಉಳಿದ ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದವರಿಗೆ ಈ ಕ್ರಿಯೆ ಗೊತ್ತಿತ್ತು. ಆದರೆ ನೀವು ಪ್ರಯೋಗಾಲಯದ ಶುದ್ಧ ಟ್ಯಾನಿಕ್ ಆಮ್ಲವನ್ನೇ ಕೊಳ್ಳಿ, ಮೊದಲು ಕಾಣದ ಮೂಲೆಯಲ್ಲಿ ಅಂಗೈಯಷ್ಟು ಜಾಗಕ್ಕೆ ಹಚ್ಚಿ ನೋಡಿ. ಹೈಡ್ರೋಕ್ಲೋರಿಕ್ ಆಮ್ಲವನ್ನು, ಅಂದರೆ ಶೌಚಾಲಯ ತೊಳೆಯಲು ಅಂಗಡಿಯಲ್ಲಿ ಸಿಗುವ ಆಸಿಡ್ಡನ್ನು, ಯಾರು ಹೇಳಿದರೂ ಬಳಸಬೇಡಿ. ಅದು ರಿವೆಟ್ಟುಗಳ ಸಂದಿಗೆ ಇಳಿದು ಒಳಗಿನಿಂದ ತಿನ್ನುತ್ತಲೇ ಇರುತ್ತದೆ.

ಗುತ್ತಿಗೆದಾರರ ಮರಳು ಊದುವ ವಿಧಾನ ಎಲ್ಲೆಡೆಯೂ ತಪ್ಪು ಎಂದು ನಾನು ಹೇಳುವುದಿಲ್ಲ. ತಳದ ಚೌಕಟ್ಟಿನ ದಪ್ಪ ಉಕ್ಕಿನಲ್ಲಿ, ದಾಖಲೆ ಪೂರ್ತಿ ಮುಗಿದ ಮೇಲೆ, ಅಕ್ಷರ ಗುರುತುಗಳಾಗಲಿ ಮುಂದೆ ಹೇಳುವ ಸೀಸದ ಬಣ್ಣವಾಗಲಿ ಇಲ್ಲವೆಂದು ಖಚಿತವಾದ ಮೇಲೆ, ಆಕ್ಸಲ್ ಬಾಕ್ಸುಗಳನ್ನೂ ಬ್ರೇಕ್ ಸಿಲಿಂಡರನ್ನೂ ಬಿಗಿಯಾಗಿ ಕಟ್ಟಿ ಮುಚ್ಚಿ, ಕಡಿಮೆ ಒತ್ತಡದಲ್ಲಿ ಮಾಡಿಸಬಹುದು. ಬದಿಯ ತೆಳು ತಗಡಿಗೆ ಬೇಡ, ಅದು ಸೊಟ್ಟಗಾಗುತ್ತದೆ. ಬೀಡು ಕಬ್ಬಿಣದ ಅಕ್ಷರಫಲಕಕ್ಕೆ, ಹಿತ್ತಾಳೆಗೆ, ಮರಕ್ಕೆ, ಟೋಕನ್ ಯಂತ್ರಕ್ಕೆ ಎಂದಿಗೂ ಬೇಡ.

ಇಲ್ಲೊಂದು ಗಂಭೀರ ಎಚ್ಚರಿಕೆ. ಹಳೆಯ ರೈಲ್ವೆ ಬಣ್ಣಗಳಲ್ಲಿ, ಮುಖ್ಯವಾಗಿ ಕಬ್ಬಿಣಕ್ಕೆ ಮೊದಲ ಪದರವಾಗಿ ಬಳಿಯುತ್ತಿದ್ದ ಸಿಂಧೂರದಲ್ಲಿ (ರೆಡ್ ಲೆಡ್ ಬಣ್ಣದಲ್ಲಿ), ಸೀಸವಿರುತ್ತದೆ. ಅದನ್ನು ಒಣಗಿದ್ದಂತೆಯೇ ಉಜ್ಜಿದರೆ, ಮರಳು ಊದಿಸಿದರೆ, ಗ್ಯಾಸ್ ಬೆಂಕಿಯಿಂದ ಸುಟ್ಟರೆ ಸೀಸದ ದೂಳೂ ಹೊಗೆಯೂ ಕೆಲಸದವರ ಶ್ವಾಸಕೋಶಕ್ಕೆ ಹೋಗುತ್ತದೆ. ನೆಲಕ್ಕೆ ಬಿದ್ದದ್ದು ಅಲ್ಲಿ ಆಡುವ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಆದ್ದರಿಂದ ಕೆರೆಯುವುದೆಲ್ಲ ನೀರು ಚಿಮುಕಿಸಿ ಒದ್ದೆ ಮಾಡಿಯೇ ನಡೆಯಲಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದದ್ದನ್ನು ಡಬ್ಬಿಯಲ್ಲಿ ತುಂಬಿ ಮುಚ್ಚಿ. ಬಟ್ಟೆಯ ಮಾಸ್ಕು ಸಾಲದು, ದೂಳು ಸೋಸುವ ಸರಿಯಾದ ಮಾಸ್ಕೇ ಬೇಕು. ಕೆಲಸ ನಡೆಯುವಷ್ಟು ದಿನ ಮಕ್ಕಳನ್ನು ಒಳಗೆ ಬಿಡಬೇಡಿ. ಮುಂದೆ ಎಂದಾದರೂ ನಿಮಗೆ ಉಗಿ ಎಂಜಿನ್ ಸಿಗುವ ಸಂದರ್ಭ ಬಂದರೆ ಇನ್ನೂ ಎರಡು ಮಾತು ನೆನಪಿರಲಿ. ಬಾಯ್ಲರಿಗೆ ಸುತ್ತಿದ ಶಾಖರಕ್ಷಕ ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಹೆಚ್ಚು, ಅದನ್ನು ತರಬೇತಿಯಿಲ್ಲದವರು ಬಿಚ್ಚಲೇಬಾರದು. ಮತ್ತೊಂದು, ಹೊಗೆಪೆಟ್ಟಿಗೆಯಲ್ಲಿ ಉಳಿದ ಕಲ್ಲಿದ್ದಲ ಬೂದಿಗೆ ಚಿಮಣಿಯಿಂದ ಮಳೆನೀರು ಬಿದ್ದರೆ ಅದರ ಗಂಧಕ ಆಮ್ಲವಾಗಿ ತಳದ ತಗಡನ್ನು ತಿಂದುಹಾಕುತ್ತದೆ; ಬೂದಿ ತೆಗೆದು ಚಿಮಣಿಗೆ ಮುಚ್ಚಳ ಹಾಕುವುದೇ ಅಂಥ ಎಂಜಿನ್ನಿಗೆ ಮಾಡುವ ಮೊದಲ ಉಪಕಾರ. ಅದರಲ್ಲಿ ಮತ್ತೆ ಉಗಿ ಎಬ್ಬಿಸುವ ಆಸೆಯನ್ನು ಮಾತ್ರ ಬಿಟ್ಟುಬಿಡಿ. ನಮ್ಮ ಮೀಟರ್ ಗೇಜಿನ ವೈಪಿ ಎಂಬ ಮಾದರಿಯ ಉಗಿ ಎಂಜಿನ್ನಿನ ಬಾಯ್ಲರು ಚದರ ಇಂಚಿಗೆ 210 ಪೌಂಡು ಒತ್ತಡದಲ್ಲಿ ಕೆಲಸ ಮಾಡುತ್ತಿತ್ತು. ಅದು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಷಾಪಿನಂಥ ಕಡೆ, ಆ ವಿದ್ಯೆ ಇನ್ನೂ ಉಳಿದಿರುವ ಕೈಗಳಲ್ಲಿ ಆಗಬೇಕಾದ ಕೆಲಸ.

ಯಾವ ಬಣ್ಣ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ, ವ್ಯಾಗನ್ನಿನ ಬಳಿಯೇ ಇದೆ. ಬಿಸಿಲು ಬೀಳದ ಮೂಲೆಯೊಂದನ್ನು, ಉದಾಹರಣೆಗೆ ಬಾಗಿಲಿನ ಕೀಲಿನ ಹಿಂಭಾಗವನ್ನು, ಆರಿಸಿಕೊಳ್ಳಿ. ರೂಪಾಯಿ ನಾಣ್ಯದ ಎರಡರಷ್ಟು ಅಗಲದ ಜಾಗವನ್ನು ನಯವಾದ ವಾಟರ್ ಪೇಪರಿನಿಂದ, ಅಂದರೆ ಒದ್ದೆ ಮಾಡಿ ಉಜ್ಜುವ ಮರಳುಕಾಗದದಿಂದ, ನೀರು ಹಾಕುತ್ತಾ, ನಡುವೆ ಆಳವಾಗಿ ಅಂಚಿಗೆ ತೆಳುವಾಗಿ ಉಜ್ಜಿ. ನಡುವೆ ಕಬ್ಬಿಣ ಕಾಣುವ ಹೊತ್ತಿಗೆ ಸುತ್ತಲೂ ಬಣ್ಣದ ಬಳೆಗಳು ಒಂದರ ಸುತ್ತ ಒಂದರಂತೆ ತೆರೆದುಕೊಂಡಿರುತ್ತವೆ: ಒಳಗೆ ಸಿಂಧೂರ, ಅದರಾಚೆ ವರ್ಕ್‌ಷಾಪಿನ ಮೊದಲ ಬಣ್ಣ, ಆಮೇಲೆ ಪ್ರತಿ ದುರಸ್ತಿಯದು. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಪದರಗಳ ನಡುವಿನ ಕೊಳೆಯ ಗೆರೆಯೂ ಕಾಣುತ್ತದೆ. ಇದನ್ನು ಮೂರು ನಾಲ್ಕು ಕಡೆ ಮಾಡಿ ಹೋಲಿಸಿ, ಬಣ್ಣದಂಗಡಿಯ ಮಾದರಿ ಪುಸ್ತಕವನ್ನು ಪಕ್ಕದಲ್ಲಿಟ್ಟು ಹಗಲಿನ ಬೆಳಕಿನಲ್ಲಿ ಹೊಂದಿಸಿ ಬರೆದುಕೊಳ್ಳಿ. ಅಲ್ಲಿಂದ ಮುಂದೆ ಸಮಿತಿ ತೀರ್ಮಾನಿಸಬೇಕಾದದ್ದು ಯಾವ ಕಾಲದ ರೂಪವನ್ನು ತೋರಿಸಬೇಕು ಎಂಬುದನ್ನು. ನನ್ನ ಸಲಹೆ, ಅದು ಸೇವೆಯಿಂದ ನಿಂತ ಕೊನೆಯ ದಿನಗಳ ರೂಪವಿರಲಿ. ಏಕೆಂದರೆ ಆ ಕಾಲದ ದುರಸ್ತಿ, ತೇಪೆ, ಸವೆತ ಎಲ್ಲವೂ ಆಗ ಅದರ ಮೈಮೇಲೆ ಸಹಜವಾಗಿ ನಿಲ್ಲುತ್ತವೆ. ಮೊದಲ ರೂಪಕ್ಕೆ ಒಯ್ಯಲು ಹೊರಟರೆ ಅದರ ದುಡಿಮೆಯ ಆಯುಷ್ಯವನ್ನೆಲ್ಲ ಕಿತ್ತುಹಾಕಬೇಕಾಗುತ್ತದೆ. ಒಂದು ಬದಿಯಲ್ಲಿ ಒಂದು ಮೀಟರಿನಷ್ಟು ಅಗಲದ ಭಾಗಕ್ಕೆ ಹೊಸ ಬಣ್ಣ ಹೊಡೆಯದೆ, ಹಳೆಯ ಪದರಗಳನ್ನು ಇದ್ದಂತೆಯೇ ಮೇಣ ಸವರಿ ಉಳಿಸಿ. ಮುಂದೆ ನಮಗಿಂತ ಒಳ್ಳೆಯ ಉಪಕರಣವಿರುವವರಿಗೆ ಅದು ಬೇಕಾಗುತ್ತದೆ.

ಬಣ್ಣ ಹೊಡೆಯುವಾಗ ಝಿಂಕ್ ಫಾಸ್ಫೇಟ್ ಪ್ರೈಮರಿನ ಎರಡು ಪದರ, ಅದರ ಮೇಲೆ ಎಣ್ಣೆ ಮೂಲದ ಸಾಧಾರಣ ಎನಾಮಲ್, ಅದೂ ಹೆಚ್ಚು ಹೊಳಪಿಲ್ಲದ್ದು. ಕಾರಿಗೆ ಹೊಡೆಯುವ ಪಿ.ಯು. (ಪಾಲಿಯುರೆಥೇನ್) ಬಣ್ಣ ಗಟ್ಟಿಯಾಗಿದ್ದರೂ ಮುಂದೆ ತೆಗೆಯುವುದು ಕಷ್ಟ, ಮತ್ತು ಅದರ ಹೊಳಪು ಆ ಕಾಲದ್ದಲ್ಲ. ರಾಜ್ಯೋತ್ಸವದೊಳಗೆ ಎಂಬ ಗಡುವನ್ನು ಬಿಟ್ಟರೆ ಒಳ್ಳೆಯದು, ಏಕೆಂದರೆ ಅಕ್ಟೋಬರಿನ ಹಿಂಗಾರು ಮಳೆಯಲ್ಲಿ ತರಾತುರಿಯಿಂದ ಹೊಡೆದ ಬಣ್ಣದಡಿ ತೇವ ಸಿಕ್ಕಿಕೊಳ್ಳುತ್ತದೆ. ನಿಮ್ಮ ಸೀಮೆಯಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಇದಕ್ಕೆ ಹೇಳಿ ಮಾಡಿಸಿದಂತಿದೆ. ಇಬ್ಬನಿ ಆರಿದ ಮೇಲೆ ಶುರು ಮಾಡಿ ಸಂಜೆಯ ತಂಪಿಗೆ ಮುಂಚೆ ನಿಲ್ಲಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಕಾದ ತಗಡಿಗೆ ಹೊಡೆದರೆ ಬಣ್ಣದ ಮೇಲ್ಮೈ ಒಣಗಿ ಒಳಗೆ ಹಸಿ ಉಳಿದು ಸುಕ್ಕುಗಟ್ಟುತ್ತದೆ.

ವ್ಯಾಗನ್ನಿನ ನೆಲದ ಹಲಗೆಗಳು ಕೊಳೆತಿದ್ದರೆ ಇಡೀ ಹಲಗೆ ಕಿತ್ತು ಹೊಸದು ಹಾಕಿಸುವುದು ಬಡಗಿಗೆ ಸುಲಭ, ವಸ್ತುವಿಗೆ ನಷ್ಟ. ಕೊಳೆತ ತುದಿಯನ್ನಷ್ಟೇ ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಚೆನ್ನಾಗಿ ಪಳಗಿದ ಮರದ ತುಂಡನ್ನು ಓರೆಸಂದಿಯಲ್ಲಿ ಕೂಡಿಸಬೇಕು. ಹಸಿಮರ ಹಾಕಿದರೆ ನಿಮ್ಮ ಒಣಹವೆಯಲ್ಲಿ ಅದು ಒಂದೇ ಬೇಸಿಗೆಗೆ ಕುಗ್ಗಿ ಬೆರಳು ತೂರುವಷ್ಟು ಸಂದಿ ಬಿಡುತ್ತದೆ. ಹೊಸ ತುಂಡಿನ ಅಡಿಮೈಯಲ್ಲಿ ಹಾಕಿದ ವರ್ಷವನ್ನು ಕೊರೆಯಿರಿ. ಹೊಸ ತಗಡು, ಹೊಸ ಬೋಲ್ಟುಗಳಿಗೂ ಹೀಗೆಯೇ ವರ್ಷದ ಗುದ್ದು ಇರಲಿ. ಮರಕ್ಕೆ ಕಾಯಿಸಿದ ಅಗಸೆ ಎಣ್ಣೆ ಸಾಕು, ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಹಾಕಿ ಅಥವಾ ನೀರಿನಲ್ಲಿ ನೆನೆಸಿ. ಚಕ್ರಗಳು ಮಣ್ಣಿನಲ್ಲಿ ಕೂತಿದ್ದರೆ ಜಾಕಿನಿಂದ ಎತ್ತಿ, ಜಲ್ಲಿ ಹಾಸಿದ ನಿಜವಾದ ಹಳಿಯ ಮೇಲೆ ಕೂರಿಸಬೇಕು, ಹಳಿಗಳ ನಡುವಿನ ಅಂತರ ಸರಿಯಾಗಿ 1000 ಮಿಲಿಮೀಟರ್ ಇರಬೇಕು. ಬ್ರಾಡ್ ಗೇಜ್ ಹಳಿಯ ತುಂಡುಗಳನ್ನು ಮನಬಂದಷ್ಟು ಅಂತರಕ್ಕೆ ಹಾಕಿ ಅದರ ಮೇಲೆ ಮೀಟರ್ ಗೇಜ್ ವಸ್ತುವನ್ನು ನಿಲ್ಲಿಸಿದ್ದನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಗೇಜು ಎಂದರೇನು ಎಂದು ಮಗುವಿಗೆ ಕಣ್ಣಾರೆ ತೋರಿಸುವ ಅವಕಾಶವೇ ಅಲ್ಲಿ ಹಾಳಾಗಿರುತ್ತದೆ. ನಾಲ್ಕೂ ಬದಿ ತೆರೆದ, ಎತ್ತರದ, ಎಲ್ಲ ಕಡೆ ಎರಡಡಿ ಚಾಚಿದ ತಗಡಿನ ಮಾಡು ಒಂದಿದ್ದರೆ ಹತ್ತು ಸಲ ಬಣ್ಣ ಹೊಡೆಯುವುದಕ್ಕಿಂತ ಹೆಚ್ಚು ರಕ್ಷಣೆ. ಹಣ ಕಡಿಮೆಯಿದ್ದರೆ ಬಣ್ಣವನ್ನು ಬಿಟ್ಟು ಮಾಡನ್ನೇ ಮಾಡಿಸಿ.

ತಕ್ಕಡಿಯ ಬಗ್ಗೆ ಹೇಳಬೇಕಾದದ್ದು ಕಡಿಮೆ: ಕೀಲುಗಳಿಗೆ ತೆಳು ಎಣ್ಣೆ, ಬೀಡು ಕಬ್ಬಿಣಕ್ಕೆ ಮೇಣ. ಅದರ ಹಿತ್ತಾಳೆಯ ದಂಡವನ್ನು ಮಾತ್ರ ಹುಣಸೆಹಣ್ಣಿನಿಂದ ತಿಕ್ಕಬೇಡಿ. ಮನೆಯ ಚೊಂಬಿಗೆ ಸರಿಯಾದ ಆ ಪದ್ಧತಿಯಿಂದ ದಂಡದ ಮೇಲೆ ಕೊರೆದ ಸಣ್ಣ ಗೆರೆಗಳೂ ಅಂಕಿಗಳೂ ವರ್ಷ ವರ್ಷ ಸವೆದು ಕೊನೆಗೆ ಓದಲು ಬಾರದಂತಾಗುತ್ತವೆ. ಮೆತ್ತನೆಯ ಬಟ್ಟೆಯಿಂದ ಒರೆಸಿ, ಕಂದಿದ್ದರೆ ಕಂದಿಯೇ ಇರಲಿ.

ಟೋಕನ್ ಯಂತ್ರಗಳು ನಿಮ್ಮ ಸಂಗ್ರಹದಲ್ಲೇ ಅಮೂಲ್ಯವಾದವು. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಸ್ಟೇಷನ್ನುಗಳ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು ಎಂಬ ನಿಯಮವನ್ನು ಮನುಷ್ಯರ ನೆನಪಿಗೆ ಬಿಡದೆ ಯಂತ್ರಕ್ಕೆ ಒಪ್ಪಿಸಿದ ಉಪಾಯವದು. ಎರಡು ಸ್ಟೇಷನ್ನುಗಳ ಯಂತ್ರಗಳು ತಂತಿಯಿಂದ ಜೋಡಿಕೊಂಡಿರುತ್ತವೆ. ಈ ಕಡೆಯವರು ಗಂಟೆ ಹೊಡೆದು ಕೇಳಿ, ಆ ಕಡೆಯವರು ಒಪ್ಪಿ ವಿದ್ಯುತ್ ಕಳುಹಿಸಿದರೆ ಮಾತ್ರ ಹಿಡಿ ತಿರುಗಿ ಲೋಹದ ಒಂದು ಗೋಲ ಹೊರಬೀಳುತ್ತದೆ. ಅದು ಎರಡರಲ್ಲಿ ಒಂದು ಯಂತ್ರಕ್ಕೆ ಮರಳುವವರೆಗೆ ಎರಡನೆಯ ಗೋಲ ಯಾವ ಕಡೆಯಿಂದಲೂ ಬರುವುದಿಲ್ಲ. ಆ ಗೋಲವನ್ನು ಚರ್ಮದ ಚೀಲದಲ್ಲಿಟ್ಟು ಬೆತ್ತದ ಬಳೆಗೆ ಕಟ್ಟಿ ಓಡುವ ಎಂಜಿನ್ನಿನ ಚಾಲಕನಿಗೆ ನೀಡುತ್ತಿದ್ದುದನ್ನು ನಿಮ್ಮೂರಿನ ಐವತ್ತು ದಾಟಿದವರೆಲ್ಲ ನೋಡಿರುತ್ತಾರೆ. ಈ ಯಂತ್ರದ ಮುಚ್ಚಳವನ್ನು ಕುತೂಹಲಕ್ಕೆ ತೆರೆಯಬೇಡಿ. ಒಳಗಿನ ತಂತಿಸುರುಳಿಗಳ ಮೇಲಿನ ಹಳೆಯ ಹೊದಿಕೆ ಮುಟ್ಟಿದರೆ ಉದುರುವಷ್ಟು ಒಣಗಿರಬಹುದು. ಬೀಗದ ಮೇಲೆ ಸೀಸದ ಮುದ್ರೆ ಉಳಿದಿದ್ದರೆ ಅದೂ ಒಂದು ದಾಖಲೆ. ನಿವೃತ್ತ ಸಿಗ್ನಲ್ ಮೆಂಟೇನರ್ ಒಬ್ಬರನ್ನು ಹುಡುಕಿ, ಅವರ ಕೈಯಿಂದಲೇ ತೆರೆಸಿ, ಸುರುಳಿಗಳು ಸರಿಯಾಗಿವೆಯೇ ಎಂದು ಮೀಟರಿನಲ್ಲಿ ಅಳೆಸಿ. ಸರಿಯಾಗಿದ್ದರೆ ಎರಡು ಯಂತ್ರಗಳನ್ನು ಶೆಡ್ಡಿನ ಎರಡು ತುದಿಯಲ್ಲಿಟ್ಟು ಕಡಿಮೆ ವೋಲ್ಟಿನ ಬ್ಯಾಟರಿಯಿಂದ ಜೋಡಿಸಿ, ಮಾರ್ಗದರ್ಶಕರು ನಡೆಸಿ ತೋರಿಸಬಹುದು. ಸುಟ್ಟಿದ್ದರೆ ಹೊಸದಾಗಿ ಸುತ್ತಿಸಬೇಡಿ. ಯಂತ್ರ ಸುಮ್ಮನಿರಲಿ, ಪಕ್ಕದಲ್ಲಿ ಮರದ ಮಾದರಿಯೊಂದನ್ನು ಮಾಡಿಸಿ ಮಕ್ಕಳಿಗೆ ಕೊಡಿ. ಮೂಲದ ಗೋಲಗಳು ಬೀಗದಲ್ಲಿರಲಿ, ಅವುಗಳ ಮೇಲೆ ಸ್ಟೇಷನ್ನುಗಳ ಹೆಸರಿದ್ದರೆ ಈಗಲೇ ಚಿತ್ರ ತೆಗೆದುಕೊಳ್ಳಿ.

ಯಾವುದೇ ಕೆಲಸಕ್ಕೆ ಮುಂಚೆ ಈ ವಸ್ತುಗಳು ಸಮಿತಿಗೆ ಬಂದ ಬಗೆಯ ಕಾಗದಪತ್ರ ಕೈಯಲ್ಲಿರಬೇಕು. ಗುಜರಿ ಹರಾಜಿನ ರಸೀದಿಯೋ ರೈಲ್ವೆಯ ಹಸ್ತಾಂತರ ಪತ್ರವೋ ಇಲ್ಲದಿದ್ದರೆ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಬರೆದು ಅದನ್ನು ಮೊದಲು ಸರಿಪಡಿಸಿಕೊಳ್ಳಿ. ಮೈಸೂರಿನ ಮತ್ತು 2020ರಲ್ಲಿ ಆರಂಭವಾದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯಗಳಿಗೆ ಸಮಿತಿಯವರೆಲ್ಲ ಒಮ್ಮೆ ಹೋಗಿ ಬನ್ನಿ. ಅಲ್ಲಿರುವ ಇದೇ ಬಗೆಯ ವಸ್ತುಗಳ ಅಳತೆ, ಬಿಡಿಭಾಗ, ಜೋಡಣೆಗಳನ್ನು ನಿಮ್ಮದರೊಂದಿಗೆ ಹೋಲಿಸಿದರೆ ಏನು ಕಳೆದುಹೋಗಿದೆ ಎಂಬುದು ತಿಳಿಯುತ್ತದೆ.

ಕೊನೆಗೆ ಸಿಗ್ನಲ್ಲು, ಮತ್ತು ಮಕ್ಕಳ ಕೈಗೆ ಕೊಡುವ ಪ್ರಶ್ನೆ. ಕೊಡಬಹುದು, ಕೊಡಬೇಕು ಕೂಡ. ಕೈಮರ ಗಟ್ಟಿ ಯಂತ್ರ, ಎಳೆಯುವುದಕ್ಕೆಂದೇ ಮಾಡಿದ್ದು. ಆದರೆ ಅದರ ಒಳತತ್ತ್ವವನ್ನು ಕೆಡಿಸದಂತೆ ನಿಲ್ಲಿಸಬೇಕು. ತೋಳು ಅಡ್ಡಲಾಗಿದ್ದರೆ ನಿಲ್ಲು, ಕೆಳಕ್ಕೆ ಓರೆಯಾಗಿ ಇಳಿದರೆ ಹೋಗು. ಸನ್ನೆ (ಲಿವರ್) ಎಳೆದಾಗ ತಂತಿ ಭಾರದ ಗುಂಡನ್ನು ಎತ್ತಿ ತೋಳನ್ನು ಇಳಿಸುತ್ತದೆ. ಸನ್ನೆ ಬಿಟ್ಟರೆ, ಅಥವಾ ತಂತಿಯೇ ಹರಿದುಹೋದರೆ, ಆ ಭಾರ ತಾನಾಗಿ ಬಿದ್ದು ತೋಳನ್ನು ನಿಲ್ಲು ಎಂಬಲ್ಲಿಗೆ ತಳ್ಳುತ್ತದೆ. ಕೆಟ್ಟರೆ ಸುರಕ್ಷಿತವಾಗಿಯೇ ಕೆಡಬೇಕು ಎಂಬ ವಿವೇಕ ಆ ಒಂದು ಬೀಡು ಕಬ್ಬಿಣದ ಗುಂಡಿನಲ್ಲಿದೆ. ಹಲವು ಕಡೆ ಅಂದಕ್ಕೆಂದು ತೋಳನ್ನು ಇಳಿದ ಸ್ಥಿತಿಯಲ್ಲಿ ವೆಲ್ಡ್ ಮಾಡಿ ಗುಂಡನ್ನು ಕಿತ್ತುಹಾಕಿರುತ್ತಾರೆ. ನೀವು ಹಾಗೆ ಮಾಡಬೇಡಿ. ತೋಳಿನ ಬುಡದ ಗಾಜುಗಳಲ್ಲಿ ಹಸಿರಿನದು ಒಡೆದಿದ್ದರೆ ಅಂಗಡಿಯ ಹಸಿರು ಗಾಜು ಹಾಕಿಸಬೇಡಿ. ಮೂಲದ ಗಾಜು ನೀಲಿಗೆ ತಿರುಗಿದ ಹಸಿರು, ಏಕೆಂದರೆ ಹಿಂದೆ ಉರಿಯುತ್ತಿದ್ದ ಸೀಮೆಎಣ್ಣೆ ದೀಪದ ಹಳದಿ ಬೆಳಕು ಅದನ್ನು ಹಾದು ಬಂದಾಗ ಚಾಲಕನ ಕಣ್ಣಿಗೆ ಹಸಿರಾಗಿ ಕಾಣಬೇಕಿತ್ತು. ಕಂಬದ ಬುಡವನ್ನು ಒಬ್ಬ ಎಂಜಿನಿಯರಿಂದ ಪರೀಕ್ಷೆ ಮಾಡಿಸಿ, ಮಣ್ಣಿಗೆ ತಾಗುವ ಜಾಗದ ದಪ್ಪ ಕರಗಿದ್ದರೆ ಒಳಗಿನಿಂದ ಕೊಳವೆ ಕೊಟ್ಟು ಬಲಪಡಿಸಿ. ನಿಮ್ಮ ಕಡೆಯ ಗಾಳಿ ಕಂಬಗಳನ್ನು ಉರುಳಿಸುವಂಥದ್ದು. ಏಣಿಯ ಕೆಳಗಿನ ಎಂಟಡಿಯನ್ನು ಹಲಗೆಯಿಂದ ಮುಚ್ಚಿ, ಯಾರೂ ಹತ್ತದಿರಲಿ. ಸನ್ನೆಯನ್ನು ಕಂಬದಿಂದ ಮೂವತ್ತು ನಲವತ್ತು ಅಡಿ ದೂರದಲ್ಲಿಟ್ಟು, ತಂತಿಯನ್ನು ರಾಟೆಗಳ ಮೇಲೆ ಹಾಯಿಸಿ, ಅದರ ಉದ್ದಕ್ಕೂ ಬೇಲಿ ಹಾಕಿ. ತಂತಿ ಸಡಿಲವಾದರೆ ತೋಳು ಅರ್ಧಕ್ಕೇ ನಿಲ್ಲುತ್ತದೆ, ಹಿಂದೆ ಉದ್ದನೆಯ ತಂತಿ ಬೇಸಿಗೆಯಲ್ಲಿ ಹಿಗ್ಗಿ ಹೀಗಾಗುತ್ತಿತ್ತು, ಅದಕ್ಕಾಗಿಯೇ ತಂತಿ ಬಿಗಿಮಾಡುವ ತಿರುಪು ಇರುತ್ತದೆ. ಅದನ್ನು ತಿಂಗಳಿಗೊಮ್ಮೆ ನೋಡಿಕೊಳ್ಳುವ ಹೊಣೆಯನ್ನು ಸಮಿತಿಯ ಒಬ್ಬರಿಗೆ ಒಪ್ಪಿಸಿ ಅವರ ಹೆಸರನ್ನು ಆ ರಟ್ಟಿನ ಪುಸ್ತಕದಲ್ಲಿ ಬರೆಯಿರಿ. ಹತ್ತು ವರ್ಷದ ಮೇಲಿನ ಮಕ್ಕಳು, ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತಿರುವಾಗ, ಒಬ್ಬೊಬ್ಬರಾಗಿ ಎಳೆಯಲಿ.